ಸಿಲಿಕಾನ್ ಚೂರು ಅಂಟಿಸಲು ಮೇಣವೋ, ಎಣ್ಣೆಯೋ, ಟೇಪೋ?

ನನ್ನ ಎಚಿಂಗ್, ಅಂದರೆ ಪ್ಲಾಸ್ಮಾದಿಂದ ಸಿಲಿಕಾನ್ ಕೊರೆಯುವ ಕೆಲಸ, ನಡೆಯುವುದು ಬೆಂಗಳೂರಿನ ಕ್ಲೀನ್‌ರೂಮಿನಲ್ಲಿ. ಚೂರನ್ನು ಕ್ಯಾರಿಯರಿಗೆ, ಅಂದರೆ ಅಡಿಯಲ್ಲಿಡುವ ದೊಡ್ಡ ಬಿಲ್ಲೆಗೆ, ಅಂಟಿಸುವ ಕೆಲಸ ಮಾತ್ರ ತುಮಕೂರಿನ ನಮ್ಮ ಕಾಲೇಜು ಲ್ಯಾಬಿನಲ್ಲಿ. ಹಾಟ್‌ಪ್ಲೇಟ್ ನಮ್ಮದೇ, ಆತುರ ಇಲ್ಲ. ಅಂಟಿಸಿದ್ದನ್ನು ಡಬ್ಬಿಯಲ್ಲಿಟ್ಟು ರೈಲು ಹತ್ತುತ್ತೇನೆ.

525 ಮೈಕ್ರಾನ್ ದಪ್ಪದ ಸಿಲಿಕಾನ್‌ನಲ್ಲಿ ತಳದವರೆಗೂ ತೂತು ಬೀಳಬೇಕು. ಕ್ಯಾರಿಯರ್ ಇಲ್ಲದಿದ್ದರೆ, ತೂತು ಬಿದ್ದ ಕೂಡಲೇ ಕೆಳಗಿನಿಂದ ತಂಪು ಮಾಡುವ ಹೀಲಿಯಂ ಚೇಂಬರಿಗೆ ನುಗ್ಗುತ್ತದೆ, ಮಷೀನ್ ನಿಂತುಬಿಡುತ್ತದೆ. ಕ್ಯಾರಿಯರ್ ಇಟ್ಟರೆ ಇನ್ನೊಂದು ತಲೆನೋವು. ಒಳಗಿರುವುದು ವ್ಯಾಕ್ಯೂಮ್, ಅಲ್ವಾ? ಚೂರಿನ ಬಿಸಿ ಕೆಳಗಿಳಿಯಲು ಅಂಟೊಂದೇ ದಾರಿ. ಅಂಟು ಹಿಡಿದುಕೊಂಡರೆ ಸಾಲದು, ಬಿಸಿಯನ್ನೂ ದಾಟಿಸಬೇಕು.

ಟೇಪ್ ನನಗೆ ಕೈಕೊಟ್ಟಿದ್ದು ಇಲ್ಲೇ. ಅಂಚಿಗೆ ಕ್ಯಾಪ್ಟಾನ್ ಟೇಪ್ ಹಚ್ಚಿದೆ, ಚೂರು ಅಲುಗಲಿಲ್ಲ. ಆದರೆ ನಡುವೆ ಬಿಸಿ ಏರಿ, ಮೇಲಿನ ಫೋಟೋರೆಸಿಸ್ಟ್ (ಕೊರೆಯಬಾರದ ಜಾಗವನ್ನು ಮುಚ್ಚುವ ಪದರ) ಸುಕ್ಕುಗಟ್ಟಿ ಸುಟ್ಟಿತು. ತೂತಿನ ಗೋಡೆ ಕಾಯುವ ಪಾಲಿಮರ್ ಪದರವೂ ಬಿಸಿಯಲ್ಲಿ ನಿಲ್ಲುವುದಿಲ್ಲ, ತೂತು ಒಳಗೊಳಗೇ ಅಗಲವಾಗುತ್ತದೆ. ಆಳದ ಎಚಿಂಗಿಗೆ ಟೇಪ್ ಬೇಡವೇ ಬೇಡ.

ಫೋಟೋರೆಸಿಸ್ಟನ್ನೇ ಅಂಟಾಗಿಯೂ ಒಮ್ಮೆ ನೋಡಿದೆ. ಒಳಗೆ ಉಳಿದ ಸಾಲ್ವೆಂಟ್ (ಕರಗಿಸುವ ದ್ರವ) ವ್ಯಾಕ್ಯೂಮಿನಲ್ಲಿ ಗುಳ್ಳೆಯೆದ್ದು ಚೂರನ್ನು ಎತ್ತಿಬಿಟ್ಟಿತು.

ಕ್ರಿಸ್ಟಲ್‌ಬಾಂಡ್ 509 ನನ್ನ ನೆಚ್ಚಿನ ಮೇಣ. ಸುಮಾರು 120 ಡಿಗ್ರಿಯಲ್ಲಿ ಚೆನ್ನಾಗಿ ಹರಿಯುತ್ತದೆ. ಕ್ಯಾರಿಯರನ್ನು ಕಾಯಿಸಿ, ಮೇಣದ ಕಡ್ಡಿಯನ್ನು ತೆಳ್ಳಗೆ ಸವರಿ, ಚೂರನ್ನು ಒಂದು ಅಂಚಿನಿಂದ ನಿಧಾನವಾಗಿ ಮಲಗಿಸಿ. ಸುಮ್ನೆ ಮೇಲಿಂದ ಒತ್ತಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆ ಜಾಗ ಬಿಸಿಯಾಗುತ್ತದೆ. ಬಿಡಿಸಲು ರಾತ್ರಿಯಿಡೀ ಅಸಿಟೋನಿನಲ್ಲಿ ನೆನೆಸುತ್ತೇನೆ. ತೂತುಗಳು ಜಾಸ್ತಿ ಇದ್ದಷ್ಟೂ ಅಸಿಟೋನ್ ಬೇಗ ಒಳಗಿಳಿಯುತ್ತದೆ.

ಫಾಂಬ್ಲಿನ್ ಎಣ್ಣೆಗೆ ಕಾಯಿಸುವ ಕೆಲಸವೇ ಇಲ್ಲ. ಒಂದು ಸಣ್ಣ ಹನಿ ಸಾಕು. ಬಿಸಿಯನ್ನೂ ಚೆನ್ನಾಗಿ ದಾಟಿಸಿತು. ಬಿಡಿಸುವಾಗ ಮೆಲ್ಲಗೆ ಪಕ್ಕಕ್ಕೆ ಜಾರಿಸಿದರೆ ಆಯಿತು. ಆದರೆ ಹನಿ ದೊಡ್ಡದಾದರೆ ಎಣ್ಣೆ ಅಂಚಿನಿಂದ ಹೊರಬರುತ್ತದೆ. ಅಸಿಟೋನಿಗೆ ಅದು ಕರಗುವುದಿಲ್ಲ, ಫ್ಲೋರಿನ್ ಇರುವ ದುಬಾರಿ ಸಾಲ್ವೆಂಟೇ ಬೇಕು. ಇನ್ನೊಂದು ಸಂಗತಿ ರೈಲಿನಲ್ಲಿ ಗೊತ್ತಾಯಿತು. ಬೆಂಗಳೂರಿನಲ್ಲಿ ಡಬ್ಬಿ ತೆರೆದರೆ ಚೂರು ಕ್ಯಾರಿಯರಿನ ಅಂಚಿಗೆ ಜಾರಿ ಕೂತಿತ್ತು. ಮೇಣದಲ್ಲಿ ಕೂರಿಸಿದ್ದು ಒಂದು ಸಲವೂ ಅಲುಗಿಲ್ಲ.

ಹಾಗಾಗಿ ಗಟ್ಟಿ ಚೂರುಗಳಿಗೆಲ್ಲ ಈಗ ಮೇಣವೇ. ತೆಳು ತೊಲೆಗಳಿರುವ ಚೂರನ್ನು ಮಾತ್ರ ಮೇಣದಿಂದ ಬಿಡಿಸಲು ನನಗೆ ಧೈರ್ಯವಿಲ್ಲ. ಈ ವಾರ ಅಂಥವು ಎರಡಿವೆ. ಎಣ್ಣೆಯ ಬಾಟಲಿಯನ್ನೇ ಬ್ಯಾಗಿಗೆ ಹಾಕಿಕೊಂಡಿದ್ದೇನೆ, ಅಲ್ಲಿಗೆ ಹೋಗಿಯೇ ಅಂಟಿಸುತ್ತೇನೆ.