ಸ್ಯಾನ್ ಸ್ಟಾರ್ಮಿಗೆ ಮೂರು ವಾಟರ್ ಪಂಪು: ಒಂಬತ್ತು ವರ್ಷದ ಬಳಕೆಯ ನಂತರ

ನನ್ನದು ಗೋವಾದಲ್ಲೇ ತಯಾರಾದ ಸ್ಯಾನ್ ಸ್ಟಾರ್ಮ್ ಕಾರು. ಎರಡೇ ಸೀಟು, ಫೈಬರ್ ಗ್ಲಾಸ್ ಮೈ, ಒಳಗೆ ರೆನೋದ 1149 ಸಿಸಿ ಪೆಟ್ರೋಲ್ ಎಂಜಿನ್. 2014ರಲ್ಲಿ ಮಡಗಾಂವಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ವಾಸ್ಕೋದ ಉಪ್ಪುಗಾಳಿಯಲ್ಲಿ ನಿಂತರೂ ಮೈಗೆ ತುಕ್ಕಿನ ಭಯವಿಲ್ಲ, ಟಾಪ್ ತೆಗೆದು ಓಡಿಸುವ ಸುಖಕ್ಕೆ ಸಾಟಿಯಿಲ್ಲ. 2016ರಿಂದ ಈಚೆಗೆ ಇದಕ್ಕೆ ಮೂರು ವಾಟರ್ ಪಂಪು, ಅಂದರೆ ಕೂಲಂಟನ್ನು (ಎಂಜಿನ್ ತಣ್ಣಗಿಡುವ ದ್ರವ) ಸುತ್ತಿಸುವ ಪಂಪು, ಹಾಕಿಸಿದ್ದೇನೆ. ಒಂದು ಅಗ್ಗದ್ದು, ಒಂದು ರಿಪೇರಿ ಮಾಡಿಸಿದ್ದು, ಒಂದು ಒಳ್ಳೆಯದು. ಒಳ್ಳೆಯದನ್ನು ಮೊದಲೇ ಹಾಕಿಸಿದ್ದರೆ ಎರಡು ಸಲದ ಮಜೂರಿ ಉಳಿಯುತ್ತಿತ್ತು.

ಮಜೂರಿಯ ಮಾತು ಯಾಕೆಂದರೆ, ಈ ಎಂಜಿನ್ನಿನಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್, ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಿ ಮುಚ್ಚಿಸುವ ಬೆಲ್ಟ್. ಪಂಪು ಆ ಬೆಲ್ಟಿನ ಕವರಿನ ಒಳಗೆ ಕೂತಿರುತ್ತದೆ. ಎಂಜಿನ್ ಕೆಳಗೆ ಜ್ಯಾಕ್ ಕೊಟ್ಟು, ಎಂಜಿನ್ ಹೊತ್ತಿರುವ ಒಂದು ಬದಿಯ ಮೌಂಟ್ ಬಿಚ್ಚದೆ ಬೆಲ್ಟ್ ಹೊರಗೆ ಬರುವುದಿಲ್ಲ. ಅರ್ಧ ದಿನ ಅದಕ್ಕೇ ಹೋಗುತ್ತದೆ. ಸೋರಿದ ಕೂಲಂಟ್ ಬೆಲ್ಟಿನ ಮೇಲೆ ಬಿದ್ದರೆ ಬೆಲ್ಟೂ ಹಾಳು, ಬೆಲ್ಟ್ ಜಾರಿದರೆ ಎಂಜಿನ್ನಿಗೇ ಪೆಟ್ಟು.

ಮೊದಲನೆಯದನ್ನು 2016ರಲ್ಲಿ 1,400 ರೂಪಾಯಿಗೆ ತಂದೆ. ಡಬ್ಬಿಯ ಮೇಲೆ ಯಾವ ಹೆಸರೂ ಇರಲಿಲ್ಲ. ಮೂರು ವರ್ಷ ಸುಮ್ಮನಿತ್ತು. 2019ರ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೂಲಂಟ್ ಬಾಟಲಿಯ ಮಟ್ಟ ಇಳಿಯತೊಡಗಿತು, ಆದರೆ ನೆಲದ ಮೇಲೆ ಹನಿ ಇಲ್ಲ. ರೇಡಿಯೇಟರ್, ಹೋಸು, ಕ್ಲಿಪ್ಪು ಎಲ್ಲ ಒಣಗಿದ್ದವು. ಕೊನೆಗೆ ಟಾರ್ಚ್ ಹಿಡಿದು ಟೈಮಿಂಗ್ ಕವರಿನ ಕೆಳಗಿನ ಅಂಚು ನೋಡಿದೆ. ಅಲ್ಲಿ ಹಸಿರು ಬಣ್ಣದ ಹಕ್ಕಳೆ, ಒಣಗಿದ ಪಾಕದ ಹಾಗೆ ಅಂಟಿಕೊಂಡಿತ್ತು. ಬೆರಳಿಗೆ ಹತ್ತಿಸಿ ಮೂಸಿದರೆ ಕೂಲಂಟಿನ ಸಿಹಿ ವಾಸನೆ. ರಾತ್ರಿ ಎಂಜಿನ್ ತಣ್ಣಗಾದಾಗ ಪಂಪಿನ ಸೀಲ್ ಕುಗ್ಗಿ ಹನಿ ಒಸರುತ್ತಿತ್ತು, ಹಗಲು ಕಾವಿಗೆ ಅದು ಅಲ್ಲೇ ಆರಿ ಹೋಗುತ್ತಿತ್ತು. ನೆಲಕ್ಕೆ ಬೀಳುವುದು ಎಲ್ಲಿಂದ?

ಬೈನಾದ ನಮ್ಮ ಮಿಸ್ತ್ರಿ ಬಾಗಲಕೋಟೆ ಕಡೆಯವರು. ಕವರ್ ಬಿಚ್ಚಿ, ಪಂಪಿನ ಕುತ್ತಿಗೆಯ ಕೆಳಗಿನ ಸಣ್ಣ ತೂತು ತೋರಿಸಿದರು. "ನೋಡ್ರಿ ಸರ, ಗ್ಯಾಸ್ಕೆಟ್ ಸೋರಾಕತ್ತಿಲ್ಲ, ಒಳಗ ಸೀಲ್ ಹೋಗೇತಿ. ಈ ತೂತು ಮಾತ್ರ ಎಂದೂ ಮುಚ್ಚಬ್ಯಾಡ್ರಿ." ಪಂಪಿನ ಶಾಫ್ಟಿನ ಒಂದು ತುದಿಯಲ್ಲಿ ನೀರು, ಇನ್ನೊಂದು ತುದಿಯಲ್ಲಿ ಬೇರಿಂಗ್. ನಡುವೆ ಒಂದು ಕಾರ್ಬನ್ ಬಳೆ, ಒಂದು ಪಿಂಗಾಣಿ ಬಳೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ; ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ಅದೇ ಸೀಲ್. ಆ ಮುಖ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಹೋಗಲಿ ಅಂತಲೇ ಆ ತೂತು ಇಟ್ಟಿರುತ್ತಾರೆ. ಎಂ-ಸೀಲ್ ಮೆತ್ತಿ ಮುಚ್ಚಿದರೆ ಸೋರಿಕೆ ಕಾಣದು, ಬೇರಿಂಗ್ ಸಾಯುತ್ತದೆ.

ಇದರಲ್ಲಿ ನನ್ನ ತಪ್ಪೂ ಇತ್ತು. ಮಟ್ಟ ಇಳಿದಾಗಲೆಲ್ಲ ಬೋರ್‌ವೆಲ್ ನೀರು ಸುರಿಯುತ್ತಿದ್ದೆ. ಆ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಬಕೆಟಿನ ತಳವೇ ಕೆಂಪಾಗುತ್ತದೆ. ಬಿಚ್ಚಿದ ಪಂಪಿನ ತಗಡಿನ ರೆಕ್ಕೆಗಳು ತುಕ್ಕು ತಿಂದು ಅಂಚು ಹಪ್ಪಳದಷ್ಟು ತೆಳ್ಳಗಾಗಿದ್ದವು. ಅದೇ ತುಕ್ಕಿನ ಪುಡಿ ಸೀಲಿನ ಮುಖವನ್ನು ಗೀರಿತ್ತು.

ಎರಡನೆಯದು ಹೊಸ ಪಂಪಲ್ಲ. ಕಾರು ತಯಾರಿಕೆ ನಿಂತು ಎಷ್ಟೋ ವರ್ಷವಾಗಿದೆ, ಆ ಹೊತ್ತಿಗೆ ಹೊಸದು ಸಿಗಲಿಲ್ಲ. ಹಳೇದನ್ನೇ ಲೇತ್ ಅಂಗಡಿಯಲ್ಲಿ ಕೊಟ್ಟು ಬೇರಿಂಗ್, ಸೀಲ್ ಹಾಕಿಸಿದೆ. ಖರ್ಚು 650 ರೂಪಾಯಿ. ಏಳೇ ತಿಂಗಳು. 2020ರ ಮಾರ್ಚ್ ಮೊದಲ ವಾರ ಧಾರವಾಡಕ್ಕೆ ಹೊರಟಿದ್ದೆ. ಮೊಲ್ಲೆಂ ದಾಟಿ ಅನಮೋಡ ಘಾಟಿ ಏರುವಾಗ ಟೆಂಪರೇಚರ್ ಮುಳ್ಳು ಮೇಲೇಳತೊಡಗಿತು, ಜೊತೆಗೆ ಕರಕರ ಸದ್ದು. ನಿಲ್ಲಿಸಿದೆ. ಹಿಂದೆ ಬಂದ ಲಾರಿಯ ಡ್ರೈವರಣ್ಣ ಇಳಿದು ಎರಡು ಬಾಟಲಿ ನೀರು ಕೊಟ್ಟು, "ಒಂದು ಮುಷ್ಟಿ ಅರಿಶಿನ ಪುಡಿ ಹಾಕ್ರಿ, ನಿಲ್ತದ" ಎಂದರು. ಅವರ ಒಳ್ಳೆಯ ಮನಸ್ಸು ಮರೆಯಲಾರೆ, ಆದರೂ ಹಾಕಲಿಲ್ಲ. ರೇಡಿಯೇಟರಿನ ಸೂಜಿಮೊನೆಯಷ್ಟು ತೂತಿಗೆ ಅರಿಶಿನ ಕೆಲಸ ಮಾಡೀತು, ತಿರುಗುವ ಸೀಲಿಗೆ ಮಾಡುವುದಿಲ್ಲ. ಆಮೇಲೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂತು ಇನ್ನೊಂದು ತಲೆನೋವು. ಬಿಸಿ ಎಂಜಿನ್ನಿನ ಕೂಲಂಟ್ ಮುಚ್ಚಳವನ್ನೂ ಮುಟ್ಟಲಿಲ್ಲ. ಒತ್ತಡದಲ್ಲಿರುವ ಕೂಲಂಟ್ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ತಿರುವಿದ ಕ್ಷಣ ಹಬೆಯಾಗಿ ಮುಖಕ್ಕೇ ಹಾರುತ್ತದೆ. ಟೋ ಗಾಡಿ ಕರೆಸಿ ವಾಸ್ಕೋಗೆ ವಾಪಸು ಬಂದೆ. ಬಿಚ್ಚಿದಾಗ ಗೊತ್ತಾಯಿತು, ಬೇರಿಂಗ್ ಕೂರುವ ಮನೆಯೇ ಸವೆದಿತ್ತು. ಅದರಲ್ಲಿ ಹೊಸ ಬೇರಿಂಗ್ ಕೂರಿಸಿದರೂ ಶಾಫ್ಟ್ ಅಲುಗಾಡುತ್ತಲೇ ಇರುತ್ತದೆ, ಸೀಲ್ ಉಳಿಯುವುದು ಹೇಗೆ?

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಆರು ತಿಂಗಳು ಕಾರು ನಿಂತೇ ಇತ್ತು. ಕಾರಿನ ಹೆಸರು ಹೇಳಿ ಕೇಳಿದರೆ ಅಂಗಡಿಯವರು ಇಲ್ಲ ಅನ್ನುತ್ತಾರೆ. ಎಂಜಿನ್ನಿನ ಲೆಕ್ಕದಲ್ಲಿ, ರೆನೋ ಕ್ಲಿಯೋದ 1149 ಸಿಸಿ ಪಂಪು ಅಂತ ಕೇಳಿದಾಗ ಮುಂಬೈಯಿಂದ ಕಿಟ್ ಬಂತು. ಪಂಪು, ಬೆಲ್ಟ್, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಸೇರಿ 6,800 ರೂಪಾಯಿ. ಕೈಯಲ್ಲಿ ಹಿಡಿದಾಗಲೇ ತೂಕ ಗೊತ್ತಾಯಿತು, ರೆಕ್ಕೆ ಎರಕದ್ದು. 2020ರ ಅಕ್ಟೋಬರಿನಲ್ಲಿ ಕೂರಿಸಿದೆವು. ಮಿಸ್ತ್ರಿ ಹಳೇ ಗ್ಯಾಸ್ಕೆಟಿನ ಕಲೆಯನ್ನು ಬ್ಲೇಡಿನಿಂದ ಹೆರೆಯಲು ಒಂದು ಗಂಟೆ ತೆಗೆದುಕೊಂಡರು, ಸೀಲಂಟ್ ಮಾತ್ರ ದಾರದೆಳೆಯಷ್ಟು. ಹೆಚ್ಚಾದ ಸೀಲಂಟ್ ಒಳಗೆ ಉದುರಿ ದಾರಿ ಕಟ್ಟುತ್ತದಂತೆ. ಬೆಲ್ಟನ್ನು ಹದಕ್ಕಿಂತ ಬಿಗಿ ಮಾಡಲಿಲ್ಲ. ಬಿಗಿಯಾದ ಬೆಲ್ಟ್ ಪಂಪಿನ ಬೇರಿಂಗನ್ನು ತಿನ್ನುತ್ತದೆ. ವ್ಯವಸ್ಥೆಯನ್ನೆಲ್ಲ ತೊಳೆದು, ಒಂದೇ ಬಗೆಯ ಕೂಲಂಟಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ, ಗಾಳಿ ಪೂರ್ತಿ ಬಿಡಿಸಿ ತುಂಬಿದೆವು.

ಈ ಅಕ್ಟೋಬರಿಗೆ ಐದು ವರ್ಷ, 31,000 ಕಿಲೋಮೀಟರ್. ಎರಡು ವರ್ಷಕ್ಕೊಮ್ಮೆ ಕೂಲಂಟ್ ಬದಲಿಸಿದ್ದೇನೆ. ಓಡಿಸದ ವಾರದಲ್ಲೂ ಭಾನುವಾರ ಒಮ್ಮೆ ಎಂಜಿನ್ ಬಿಸಿಯಾಗುವವರೆಗೆ ನಡೆಸುತ್ತೇನೆ, ನಿಂತೇ ಇದ್ದರೆ ಸೀಲಿನ ಮುಖ ಒಣಗಿ ಅಂಟಿಕೊಳ್ಳುತ್ತದೆ. ಅನಮೋಡ, ರಾಮನಗರ, ಅಳ್ನಾವರದ ದಾರಿಯಲ್ಲಿ ಏಪ್ರಿಲ್ ಬಿಸಿಲಿನಲ್ಲೂ ಮುಳ್ಳು ನಡುವೆಯೇ ನಿಂತಿತ್ತು. ಕವರಿನ ಅಂಚು ಒಣಗಿದೆ.

ಆದರೂ ಬೆಲ್ಟಿನ ಅವಧಿ ಮುಗಿಯುತ್ತ ಬಂದಿದೆ. ಅದೇ ಕಿಟ್ ಮತ್ತೊಂದು ತರಿಸಿ ಇಟ್ಟಿದ್ದೇನೆ. ದೀಪಾವಳಿಯ ಮುಂಚೆ ಬೆಲ್ಟಿನ ಜೊತೆ ಪಂಪನ್ನೂ ಬದಲಿಸುತ್ತೇವೆ, ಅದು ಸೋರದಿದ್ದರೂ ಸರಿ.