ನಾಲ್ಕು ಗೆಕೊ, ಒಂದು ಕಪಾಟಿನಷ್ಟು ಜಾಗ: ಬಳ್ಳಾರಿ ಬಿಸಿಲಿಗೆ ಯಾವ ಗೂಡು?

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ: ಬೇಸಿಗೆ, ಕಡುಬೇಸಿಗೆ. ಗೂಡು ಆರಿಸುವಾಗ ಈ ಹಳೇ ಹಾಸ್ಯವನ್ನು ನಿಜವೆಂದೇ ಹಿಡಿಯಬೇಕು. ಲೆಪರ್ಡ್ ಗೆಕೊ ಎಂಬ ಹಲ್ಲಿಯನ್ನು ಸಾಕುವ ಬಗ್ಗೆ ಓದಲು ಸಿಗುವ ಸಲಹೆ ಬಹುಪಾಲು ಚಳಿ ದೇಶಗಳದ್ದು. ಗೂಡಿನೊಳಗೆ ಬಿಸಿ ಹಿಡಿದಿಡುವುದು ಹೇಗೆ ಎಂಬುದೇ ಅಲ್ಲಿನವರ ಚಿಂತೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್, ಮೇ ಮಧ್ಯಾಹ್ನಗಳು 40 ಡಿಗ್ರಿ ದಾಟುವುದು ಮಾಮೂಲು. ಆರ್‌ಸಿಸಿ ತಾರಸಿಯ ಕೆಳಗಿನ ಕೋಣೆ ರಾತ್ರಿ ಹತ್ತಾದರೂ ತಣಿಯುವುದಿಲ್ಲ. ಅಂಥ ದಿನ ಕರೆಂಟ್ ಹೋಯಿತೆಂದರೆ ನಾಲ್ಕೂ ಗೂಡನ್ನು ಎತ್ತಿ ಕೆಳಮನೆಗೆ ಒಯ್ಯಲು ಎಷ್ಟು ಹೊತ್ತು ಬೇಕು? ಐದು ಬಗೆಯ ಗೂಡುಗಳನ್ನು ಬಳಸಿ ನೋಡುವಾಗ ನಾವು ಮೊದಲು ಕೇಳಿಕೊಂಡ ಪ್ರಶ್ನೆ ಇದು.

ಒಂದು ಮಾತು ಮೊದಲೇ ಇತ್ಯರ್ಥವಾಗಲಿ. ನಾಲ್ಕು ಗೆಕೊ ಎಂದರೆ ನಾಲ್ಕು ಪ್ರತ್ಯೇಕ ಗೂಡು. ಎರಡು ಗಂಡು ಒಟ್ಟಿಗಿದ್ದರೆ ಕಚ್ಚಾಟ ಖಚಿತ. ಹೆಣ್ಣುಗಳ ಜಗಳ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಒಂದರ ಮೇಲೊಂದು ಮಲಗಿದ್ದನ್ನು ನೋಡಿ ಅನ್ಯೋನ್ಯ ಎಂದುಕೊಳ್ಳುತ್ತೇವೆ, ಅಲ್ಲಿ ನಡೆಯುತ್ತಿರುವುದು ಬೆಚ್ಚಗಿನ ಜಾಗಕ್ಕೆ ಪೈಪೋಟಿ. ಸೋತದ್ದು ತಿನ್ನುವುದನ್ನು ಬಿಡುತ್ತದೆ, ಕೊಬ್ಬು ತುಂಬಿದ ಬಾಲ ತೆಳ್ಳಗಾಗುತ್ತದೆ, ಒಂದು ದಿನ ಬಾಲವೇ ಕಳಚಿ ಬಿದ್ದಿರುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಕರುಳಿನ ಸೋಂಕು ಹರಡುವುದೂ ಮಲದ ಮೂಲಕವೇ, ಹಾಗಾಗಿ ನೀರಿನ ತಟ್ಟೆ, ಇಕ್ಕಳ ಕೂಡ ಬೇರೆ ಬೇರೆ ಇರಲಿ. ಇನ್ನು ಬಯಲಿನಲ್ಲಿ, ಗುಡ್ಡದಲ್ಲಿ ಸಿಕ್ಕಿದ ಹಲ್ಲಿಯನ್ನು ಹಿಡಿದು ತರುವ ಯೋಚನೆಯೇ ಬೇಡ. ಸಾಕಣೆಯಲ್ಲಿ ಹುಟ್ಟಿದ್ದನ್ನು ಕೊಳ್ಳುವ ಮೊದಲೂ ಅರಣ್ಯ ಇಲಾಖೆಯಲ್ಲಿ ನಿಯಮ ಕೇಳಿಕೊಳ್ಳಿ, ರಸೀದಿ ಜೋಪಾನವಾಗಿಡಿ.

ಯಾವ ಗೂಡಾದರೂ ಕೊಡಬೇಕಾದದ್ದು ಇಷ್ಟು: ಬೆಚ್ಚಗಿನ ತುದಿಯಲ್ಲಿ ನೆಲದ ಮೇಲ್ಮೈ 31ರಿಂದ 33 ಡಿಗ್ರಿ, ತಂಪು ತುದಿಯಲ್ಲಿ 24ರಿಂದ 27, ಗಾಳಿಯ ತೇವ ಶೇ 30ರಿಂದ 40, ಮೂರು ಅಡಗುತಾಣ. ಮೂರನೆಯದು ಒದ್ದೆ ತೆಂಗಿನನಾರಿನ ಪುಡಿ ಹಾಕಿದ್ದು. ಅದಿಲ್ಲದಿದ್ದರೆ ಪೊರೆ ಬಿಡುವಾಗ ಬೆರಳ ತುದಿಯಲ್ಲಿ ಚರ್ಮ ಉಳಿದು, ಉಂಗುರದಂತೆ ಬಿಗಿದು, ಬೆರಳೇ ಉದುರುತ್ತದೆ. ಬೆಳೆದ ಗೆಕೊ 20ರಿಂದ 25 ಸೆಂ.ಮೀ. ಉದ್ದ ಇರುತ್ತದೆ. ಅದಕ್ಕೆ 60×40 ಸೆಂ.ಮೀ. ನೆಲ ನಮ್ಮ ಲೆಕ್ಕದಲ್ಲಿ ಕನಿಷ್ಠ. ಈಗಿನ ಶಿಫಾರಸು 90×45ರ ಆಸುಪಾಸಿನಲ್ಲಿದೆ, ಜಾಗ ಇದ್ದವರು ಅದನ್ನೇ ಹಿಡಿಯಿರಿ. ಸಣ್ಣ ಗೂಡು ಎಂಬುದು ರಾಜಿ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಗಾಜಿನ ತೊಟ್ಟಿ

ನೋಡಲು ಚೆಂದ, ತೊಳೆಯಲು ಸುಲಭ, ಮೇಲೆ ಜಾಲರಿ ಹಾಕಿದರೆ ತೇವ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಡೆಸರ್ಟ್ ಕೂಲರ್ ಓಡುವ ಕೋಣೆಯಲ್ಲಿ ಜಾಲರಿ ಮುಚ್ಚಳದ ಬೆಲೆ ತಿಳಿಯುತ್ತದೆ. ತೊಂದರೆ ಇರುವುದು ತೂಕದಲ್ಲಿ. 60×30×30ರ ತೊಟ್ಟಿಯನ್ನು 5 ಮಿ.ಮೀ. ಗಾಜಿನಲ್ಲಿ ಮಾಡಿಸಿದರೆ ಖಾಲಿಯಿದ್ದಾಗಲೇ ಸುಮಾರು 9 ಕೆ.ಜಿ., ನಾಲ್ಕಕ್ಕೆ 36. ಅದೂ ನಮ್ಮ ಕನಿಷ್ಠಕ್ಕಿಂತ 10 ಸೆಂ.ಮೀ. ಕಡಿಮೆ ಅಗಲದ ತೊಟ್ಟಿ. ಮೆಟ್ಟಿಲು ಇಳಿಸುವಾಗ ಇಬ್ಬರು ಬೇಕು. ಕಿಟಕಿಯ ಬಿಸಿಲು ಅರ್ಧ ಗಂಟೆ ಬಿದ್ದರೂ ಒಳಗೆ ಒಲೆ. ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ತೆಳು ಹಾಳೆ) ಅಂಟಿಸಿದರೆ ಮತ್ತೆ ಕೀಳಲು ಬರುವುದಿಲ್ಲ, ಕೆಳಗೆ ಗಾಳಿಗೆ ಜಾಗ ಬಿಡದಿದ್ದರೆ ಬಿಸಿ ಒಂದೇ ಕಡೆ ಸೇರಿ ಗಾಜು ಸೀಳುತ್ತದೆ. ಒಂದು ಗೆಕೊಗೆ, ಹಜಾರದ ತಂಪು ಮೂಲೆಗೆ ಸರಿ. ನಾಲ್ಕಕ್ಕೆ ಬೇಡ.

120 ಸೆಂ.ಮೀ. ಉದ್ದದ ತೊಟ್ಟಿಗೆ ಮೂರು ಅಡ್ಡಗಾಜು ಹಾಕಿಸಿ ನಾಲ್ಕು ಖಾನೆ ಮಾಡುವುದು ಎರಡನೆಯ ದಾರಿ. ಅಕ್ವೇರಿಯಂ ಅಂಗಡಿಯವರು ಇದನ್ನೇ ಮೊದಲು ಹೇಳುತ್ತಾರೆ. ಖಾನೆಗೆ ಬರುವುದು 30 ಸೆಂ.ಮೀ. ಉದ್ದ, ಅಷ್ಟರಲ್ಲಿ ಬಿಸಿ ತುದಿ, ತಂಪು ತುದಿ ಎಂಬ ವ್ಯತ್ಯಾಸ ಉಳಿಯುವುದೇ ಇಲ್ಲ. ಪಾರದರ್ಶಕ ಗಾಜಿನಾಚೆ ಇನ್ನೊಂದು ಗಂಡು ಕಂಡರೆ ದಿನವಿಡೀ ಗಾಜು ಕೆರೆಯುತ್ತಾ ನಿಲ್ಲುತ್ತದೆ. ಒಂದು ಖಾನೆಯಲ್ಲಿ ಸೋಂಕು ಬಂದರೆ ನಾಲ್ಕನ್ನೂ ಖಾಲಿ ಮಾಡಬೇಕು. ಐದರಲ್ಲಿ ಇದಕ್ಕೇ ಕೊನೆಯ ಸ್ಥಾನ.

ಪ್ಲಾಸ್ಟಿಕ್ ಡ್ರಾಯರ್

ಮಕ್ಕಳ ಬಟ್ಟೆ ಇಡುವ ನಾಲ್ಕು ಅಂತಸ್ತಿನ ಡ್ರಾಯರ್ ಸ್ಟ್ಯಾಂಡ್ ಅಗ್ಗ, ಹಗುರ, ಮೂಲೆಯಲ್ಲಿ ಕೂರುತ್ತದೆ. ಮರಿಗಳಿಗೆ, ಅಂದರೆ ಸುಮಾರು ಆರು ತಿಂಗಳ ತನಕ, ಕೆಲಸ ಮಾಡುತ್ತದೆ. ಆದರೆ ಡ್ರಾಯರ್‌ನ ಹಿಂಬದಿಯ ಮೇಲಂಚನ್ನು ಮೊದಲು ಬೆರಳಿಟ್ಟು ನೋಡಿ. ಅಲ್ಲಿ 5 ಮಿ.ಮೀ.ಗಿಂತ ಹೆಚ್ಚು ಸಂದಿದ್ದರೆ ಅಡಗುತಾಣದ ಮೇಲೆ ಹತ್ತಿದ ಮರಿ ತಲೆ ತೂರಿಸಿ ಹಿಂದಕ್ಕೆ ಬೀಳುತ್ತದೆ. ನೀವು ಮರುದಿನ ಕೆಳಗಿನ ಡ್ರಾಯರ್ ತಳ್ಳಿದಾಗ ಅದು ಹಿಂದೆ ಸಿಕ್ಕಿಕೊಳ್ಳುತ್ತದೆ. ಎತ್ತಿ ಒಯ್ಯುವಾಗ ಸ್ಟ್ಯಾಂಡ್ ಓರೆಯಾದರೆ ನಾಲ್ಕೂ ಒಟ್ಟಿಗೆ ಜಾರಿ ತೆರೆದುಕೊಳ್ಳುತ್ತವೆ, ಬೈಕಿಗೆ ಸಾಮಾನು ಕಟ್ಟುವ ರಬ್ಬರ್ ಹಗ್ಗ ಸುತ್ತಿಯೇ ಎತ್ತಬೇಕು.

ಫೋಮ್ ಬೋರ್ಡ್ ಗೂಡು

ಮಾಡ್ಯುಲರ್ ಕಿಚನ್ ಮಾಡುವ ಕಾರ್ಪೆಂಟರ್ ಹತ್ತಿರ 12 ಮಿ.ಮೀ. ಪಿವಿಸಿ ಫೋಮ್ ಬೋರ್ಡ್ ಇರುತ್ತದೆ. ಪ್ಲೈವುಡ್‌ನಂತೆ ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಹತ್ತುವುದಿಲ್ಲ. 60×45×30ರ ಒಂದು ಗೂಡು ಮುಂದಿನ ಗಾಜೂ ಸೇರಿ 8 ಕೆ.ಜಿ. ಆಸುಪಾಸು. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಇದಕ್ಕೆ ಸರಿಸಾಟಿಯಿಲ್ಲ. ಹೀಟ್ ಮ್ಯಾಟ್ ಅಪರೂಪಕ್ಕೆ ಆನ್ ಆಗುತ್ತದೆ. ಅದೇ ಗುಣ ಮೇ ತಿಂಗಳಲ್ಲಿ ತಿರುಗಿಬೀಳುತ್ತದೆ: ಹಗಲು ಒಳಗೆ ಹೊಕ್ಕ ಧಗೆ ರಾತ್ರಿ ಹೊರಗೆ ಹೋಗುವುದಿಲ್ಲ. ಎರಡೂ ಪಕ್ಕಕ್ಕೆ 10×5 ಸೆಂ.ಮೀ. ಜಾಲರಿ ಕಿಂಡಿ ಇಡಿಸಿದರೆ ಸ್ವಲ್ಪ ವಾಸಿ.

ಬಾಡಿಗೆ ಮನೆಯವರು ಇನ್ನೊಂದನ್ನು ಗಮನಿಸಬೇಕು. ಫೋಮ್ ಬೋರ್ಡ್ ಸ್ಕ್ರೂವನ್ನು ಒಮ್ಮೆ ಚೆನ್ನಾಗಿ ಹಿಡಿಯುತ್ತದೆ, ಬಿಚ್ಚಿ ಮತ್ತೆ ಹಾಕಿದರೆ ತೂತು ಸಡಿಲ. ಬಿಚ್ಚಿ ಜೋಡಿಸುವ ಗೂಡು ಬೇಕಿದ್ದರೆ ಮೂಲೆಗಳಿಗೆ ಎಲ್ ಪಟ್ಟಿ ಹಾಕಿ ಆರಪಾರ ನಟ್ಟು ಬೋಲ್ಟು ಕೊಡಿಸಿ. ಗಾಜು ಜಾರುವ ಚಾನೆಲ್‌ನಲ್ಲಿ ಗೆಕೊಗೆ ತಿನ್ನಿಸುವ ಮೀಲ್‌ವರ್ಮ್ ಹುಳ ಸತ್ತು ಕೂರುವುದು, ಧೂಳು ತುಂಬಿ ಗಾಜು ಕಚ್ಚಿಕೊಳ್ಳುವುದು ವಾರದ ಕೆಲಸವಾಗುತ್ತದೆ. ಗಣಿ ರಸ್ತೆಯ ಪಕ್ಕದ ಮನೆಯವರಿಗೆ ಕೆಂಪು ಧೂಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಡಬ್ಬ ಮತ್ತು ಆ್ಯಂಗಲ್ ರ್ಯಾಕ್

ನಮ್ಮ ಆಯ್ಕೆ ಇದು. ಕಿರಾಣಿ ಅಂಗಡಿಗಳಲ್ಲಿ ಸಾಮಾನು ಜೋಡಿಸುವ ತೂತಿನ ಆ್ಯಂಗಲ್ ರ್ಯಾಕ್, ಅದರ ನಾಲ್ಕು ಹಲಗೆಯ ಮೇಲೆ ನಾಲ್ಕು ಮುಚ್ಚಳದ ಪ್ಲಾಸ್ಟಿಕ್ ಡಬ್ಬ. ಗಾಳಿ ಸುತ್ತ ಆಡುತ್ತದೆ. ಒಂದೊಂದು ಡಬ್ಬ ಒಳಗಿನ ಸಾಮಾನು ಸೇರಿ 4 ಕೆ.ಜಿ. ಸುತ್ತಮುತ್ತ, ಒಬ್ಬರೇ ಎರಡು ಸುತ್ತಿನಲ್ಲಿ ನಾಲ್ಕನ್ನೂ ಕೆಳಗಿಳಿಸಬಹುದು.

ಡಬ್ಬ ಕೊಳ್ಳುವಾಗ ಟೇಪು ಜೇಬಿನಲ್ಲಿರಲಿ. ಅಂಗಡಿಯವರು ಲೀಟರ್ ಹೇಳುತ್ತಾರೆ, ಗೆಕೊಗೆ ಬೇಕಾದದ್ದು ನೆಲ. ಬಾಯಿ 60 ಸೆಂ.ಮೀ. ಇದ್ದರೂ ಕೆಳಗೆ ಕಿರಿದಾಗುತ್ತಾ ತಳ 50ಕ್ಕೆ ಇಳಿದಿರುತ್ತದೆ, ತಳವನ್ನೇ ಅಳೆಯಿರಿ. ತಳ ತಿರುಗಿಸಿದರೆ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 5 ಇದ್ದರೆ ಪಾಲಿಪ್ರೊಪಿಲಿನ್, ತೂತು ಹೊಡೆದರೂ ತಡೆದುಕೊಳ್ಳುತ್ತದೆ. 6 ಇದ್ದರೆ ಗಾಜಿನಂತೆ ಹೊಳೆಯುವ ಪಾಲಿಸ್ಟೈರಿನ್. ಡ್ರಿಲ್ ತಾಗಿದೊಡನೆ ಬಿರುಕು ಬಿಡುತ್ತದೆ, ಬಿಟ್ಟುಬಿಡಿ. ಎತ್ತರ 25ರಿಂದ 30 ಸೆಂ.ಮೀ. ಸಾಕು. ಮನೆಹಲ್ಲಿಯ ಅಂಟುಪಾದ ಈ ಗೆಕೊಗೆ ಇಲ್ಲ, ನುಣುಪು ಗೋಡೆ ಏರಲಾರದು. ಆದರೆ ಅಡಗುತಾಣದ ಮೇಲೆ ನಿಂತು ಮುಚ್ಚಳ ತಳ್ಳಬಲ್ಲದು, ಹಾಗಾಗಿ ಎರಡು ಬದಿಯ ಕ್ಲಿಪ್ ಗಟ್ಟಿಯಿರಲಿ.

ತೂತು ಹೊಡೆಯಲು ಸೋಲ್ಡರಿಂಗ್ ಕಡ್ಡಿ ಒಳ್ಳೆಯದು. ತೆರೆದ ಜಾಗದಲ್ಲಿ ಕೂತು, ಒಳಗಿನಿಂದ ಹೊರಕ್ಕೆ ಚುಚ್ಚಿ. ಕರಗಿದ ಪ್ಲಾಸ್ಟಿಕ್‌ನ ಚೂಪು ಅಂಚು ಹೊರಗೇ ಉಳಿಯುತ್ತದೆ. ತಂಪು ತುದಿಯಲ್ಲಿ ನೆಲದಿಂದ 8 ಸೆಂ.ಮೀ. ಮೇಲೆ, ಬಿಸಿ ತುದಿಯಲ್ಲಿ ಮುಚ್ಚಳದ ಹತ್ತಿರ, ಒಂದೊಂದು ಕಡೆ 5 ಮಿ.ಮೀ.ಯ 30 ತೂತು. ಬಿಸಿಗಾಳಿ ಮೇಲಿಂದ ಹೋಗುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ. ಮರಿಗಳಿಗಾದರೆ 3 ಮಿ.ಮೀ. ಇಲ್ಲವಾದರೆ ತಿನ್ನಲು ಹಾಕಿದ ಸಣ್ಣ ಚಿಮ್ಮಂಡೆಗಳು ಹೊರಬಿದ್ದು ಮನೆ ತುಂಬಾ ಹರಡುತ್ತವೆ.

ಹೀಟ್ ಮ್ಯಾಟ್ ಡಬ್ಬದ ಕೆಳಗೆ, ತಳದ ಮೂರನೇ ಒಂದು ಭಾಗಕ್ಕೆ ಮಾತ್ರ. ಡಬ್ಬದ ನಾಲ್ಕು ಮೂಲೆಗೆ 5 ಮಿ.ಮೀ. ರಬ್ಬರ್ ಕಾಲು ಅಂಟಿಸದಿದ್ದರೆ ಬಿಸಿ ಕಟ್ಟಿಕೊಂಡು ತಳ ಉಬ್ಬುತ್ತದೆ. ನಾಲ್ಕು ಡಬ್ಬಕ್ಕೆ, ಬಿಸಿ ನೋಡಿ ಮ್ಯಾಟನ್ನು ಆನ್, ಆಫ್ ಮಾಡುವ ಒಂದೇ ಥರ್ಮೋಸ್ಟ್ಯಾಟ್ ಸಾಕು. ಎಸ್‌ಟಿಸಿ 1000 ಎಂಬ ಮಾದರಿಯಾದರೆ 220 ವೋಲ್ಟಿನದೇ ಎಂದು ನೋಡಿ ತನ್ನಿ, ಎಫ್1ರಲ್ಲಿ (ಬೇಕಾದ ಬಿಸಿ) 32, ಎಫ್2ರಲ್ಲಿ (ಏರಿಳಿತದ ಅಂತರ) 1 ಇಡಿ, ವೈರಿಂಗ್ ಎಲೆಕ್ಟ್ರಿಷಿಯನ್‌ಗೆ ಬಿಡಿ. ಎಡವುವುದು ಸೆನ್ಸರ್ ಇಡುವ ಜಾಗದಲ್ಲಿ. ರ್ಯಾಕ್‌ನಲ್ಲಿ ಮೇಲಿನ ಡಬ್ಬ ಕೆಳಗಿನದಕ್ಕಿಂತ ಬೆಚ್ಚಗಿರುತ್ತದೆ. ಸೆನ್ಸರ್ ಕೆಳಗಿಟ್ಟರೆ ಅಲ್ಲಿ 32 ಆಗುವ ಹೊತ್ತಿಗೆ ಮೇಲಿನದು ಮಿತಿ ದಾಟಿರುತ್ತದೆ. ಮೇಲಿನ ಡಬ್ಬದಲ್ಲೇ, ಮ್ಯಾಟ್‌ಗೂ ತಳಕ್ಕೂ ನಡುವೆ ಟೇಪ್ ಹಾಕಿ ಕೂರಿಸಿ. ಮ್ಯಾಟ್‌ಗಿಂತ ಡಬ್ಬದೊಳಗಿನ ನೆಲ ತುಸು ತಣ್ಣಗಿರುತ್ತದೆ. ಒಳಗೆ ಅಳೆದು ನೋಡಿ ಎಫ್1 ಹೊಂದಿಸಿ. ಸೆನ್ಸರ್ ಕಿತ್ತು ಹೊರಗೆ ತೂಗಾಡಿದರೆ ಅದು ಕೋಣೆಯ ಗಾಳಿಯನ್ನು ಓದುತ್ತಾ ಮ್ಯಾಟನ್ನು ಆರಿಸುವುದೇ ಇಲ್ಲ, ಹೊಟ್ಟೆ ಸುಟ್ಟ ಗೆಕೊಗಳಲ್ಲಿ ಹಲವಕ್ಕೆ ಕಾರಣ ಇದೇ. ಡಬ್ಬ ಎಳೆದು ಹಾಕಿದಾಗಲೆಲ್ಲ ನೋಡಿ. ಮಾರ್ಚ್ ಮಧ್ಯದಿಂದ ಜೂನ್ ತನಕ ಪ್ಲಗ್ಗನ್ನೇ ಕಿತ್ತಿಡಬಹುದು.

ತಂಪು ತುದಿಗೆ ಶಹಾಬಾದ್ ಕಲ್ಲಿನ ತುಂಡು ಅತಿ ಒಳ್ಳೆಯದು. ಮನೆ ನೆಲ ಹಾಕುವವರ ಹತ್ತಿರ ಒಡೆದದ್ದು ಸಿಗುತ್ತದೆ. 20×20 ಸೆಂ.ಮೀ., 2 ಸೆಂ.ಮೀ. ದಪ್ಪದ್ದು ಸುಮಾರು 2 ಕೆ.ಜಿ., ಮಧ್ಯಾಹ್ನದ ಧಗೆಯಲ್ಲೂ ಕೆಲ ಹೊತ್ತು ತಣ್ಣಗಿರುತ್ತದೆ. ಡಬ್ಬ ಎತ್ತುವ ಮೊದಲು ಇದನ್ನು ಹೊರಗೆ ತೆಗೆಯಲೇಬೇಕು. ಓರೆಯಾದಾಗ ಜಾರಿ ಬಂದರೆ 60 ಗ್ರಾಂ ಪ್ರಾಣಿಗೆ ಉಳಿವಿಲ್ಲ. ಅಡಗುತಾಣಕ್ಕೆ ಕುಂಬಾರರ ಸಣ್ಣ ಕುಡಿಕೆ ಸಾಕು, ಬಾಯಿಯನ್ನು 6 ಸೆಂ.ಮೀ.ಗೆ ಕೆತ್ತಿ ಮರಳು ಕಾಗದದಲ್ಲಿ ಉಜ್ಜಿ. ನೆನೆಸಿಟ್ಟ ಕುಡಿಕೆ ಆವಿಯಿಂದ ತಾನೇ ತಂಪಾಗುತ್ತದೆ, ಒದ್ದೆ ಅಡಗುತಾಣವೂ ಅದೇ ಆಗುತ್ತದೆ.

ನೆಲಕ್ಕೆ ಟಿಶ್ಯೂ ಅಥವಾ ಅಚ್ಚಿಲ್ಲದ ಕಾಗದ. ಬಳ್ಳಾರಿಯಲ್ಲಿ ಜೀನ್ಸ್ ತುಂಡು ಧಾರಾಳ, ಹಾಸುವ ಆಸೆಯಾಗುತ್ತದೆ. ಅಂಚಿನ ಬಿಳಿ ದಾರ ಬೆರಳಿಗೆ ಸುತ್ತಿ ರಕ್ತ ನಿಲ್ಲಿಸುತ್ತದೆ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಹೊಟ್ಟು, ತುಂಗಭದ್ರೆಯ ಮರಳು ಎರಡೂ ಹುಳದ ಜತೆ ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು.

ಕೆಂಪಿರುವೆ ಈ ವ್ಯವಸ್ಥೆಯ ದೊಡ್ಡ ಶತ್ರು. ಉಳಿದ ಹುಳದ ವಾಸನೆಗೆ ಸಾಲುಗಟ್ಟಿ ಬರುತ್ತವೆ, ಮಲಗಿದ ಗೆಕೊದ ಕಣ್ಣಂಚಿಗೇ ಕಚ್ಚುತ್ತವೆ. ಇರುವೆ ಚಾಕ್, ಸ್ಪ್ರೇ ಹತ್ತಿರ ತರಬೇಡಿ, ಆ ವಿಷ ಹುಳಕ್ಕೆ ತಾಗಿ ಗೆಕೊ ಹೊಟ್ಟೆ ಸೇರುತ್ತದೆ. ರ್ಯಾಕ್‌ನ ನಾಲ್ಕು ಕಾಲನ್ನು ನೀರಿನ ಬಟ್ಟಲಿನಲ್ಲಿಡಿ, ಕೆಳಗಿನ ಹಲಗೆ ನೆಲದಿಂದ 20 ಸೆಂ.ಮೀ. ಮೇಲಿರಲಿ, ರ್ಯಾಕ್ ಗೋಡೆಗೆ ತಾಗದಿರಲಿ. ನೀರಿನ ಮೇಲೆ ಧೂಳಿನ ಪದರ ಕಟ್ಟಿದರೆ ಇರುವೆ ಅದರ ಮೇಲೇ ನಡೆದು ಬರುತ್ತದೆ. ಎರಡು ದಿನಕ್ಕೊಮ್ಮೆ ಬದಲಿಸಿ.

ಕೋಣೆ 35 ದಾಟಿತೆಂದರೆ ಕಾಯಬೇಡಿ. ನೆಲಮಹಡಿ, ಪಡುವಣ ಗೋಡೆಯಿಂದ ದೂರದ ಒಳಕೋಣೆ ಮೊದಲ ಆಯ್ಕೆ. ಹತ್ತಿರದಲ್ಲಿ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು. ಒಂದು ಲೀಟರ್ ಬಾಟಲಿ ನೀರನ್ನು ಹೆಪ್ಪುಗಟ್ಟಿಸಿ, ಟವೆಲ್ ಸುತ್ತಿ, ಡಬ್ಬದ ಹೊರಗೆ ತಂಪು ತುದಿಗೆ ಒರಗಿಸಿ. ಒಳಗಿಟ್ಟರೆ ತೇವ ಏರುತ್ತದೆ.

ಊರಿಂದೂರಿಗೆ ಒಯ್ಯುವಾಗ ಮಾತ್ರ ಈ ಡಬ್ಬವೂ ಬೇಡ. ತೂತು ಹೊಡೆದ ಒಂದೊಂದು ಲೀಟರಿನ ಸಣ್ಣ ಡಬ್ಬಿ, ಒಳಗೆ ಮುದುಡಿದ ಟಿಶ್ಯೂ, ಒಂದರಲ್ಲಿ ಒಂದೇ ಗೆಕೊ. ಎರಡು ದಿನ ಮುಂಚಿನಿಂದ ಆಹಾರ ನಿಲ್ಲಿಸಿ, ಇಲ್ಲವಾದರೆ ಕುಲುಕಾಟಕ್ಕೆ ಕಕ್ಕುತ್ತದೆ. ಡಬ್ಬಿಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಜೋಡಿಸಿ ಮುಚ್ಚಳ ಸ್ವಲ್ಪ ಸರಿಸಿಡಿ. ರೈಲಿನಲ್ಲಾದರೆ ರಾತ್ರಿಯ ಗಾಡಿ ಹಿಡಿಯಿರಿ. ಕಾರಿನಲ್ಲಾದರೆ ಟೀ ಕುಡಿಯಲು ಇಳಿದಾಗ ಪೆಟ್ಟಿಗೆಯೂ ನಿಮ್ಮ ಜತೆಗೇ ಇಳಿಯಬೇಕು.