ಒಂದೇ ಎಲ್‌ಪಿ, ಮೂರು ಹಳೆಯ ಪ್ಲೇಯರ್: ನಮ್ಮ ಚಾವಡಿಯಲ್ಲಿ ಗೆದ್ದದ್ದು ಯಾವುದು?

ಅಪ್ಪ ಬಿಟ್ಟುಹೋದ ಮರದ ಪೆಟ್ಟಿಗೆಯಲ್ಲಿ ಗ್ರಾಮಫೋನ್ ಪ್ಲೇಟುಗಳು: ನಲವತ್ತೊಂದು ಎಲ್‌ಪಿ ಇದ್ದವು, ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು 78ರ ಪ್ಲೇಟುಗಳಿದ್ದವು. ಹಾಕಿ ಕೇಳಲು ಪ್ಲೇಯರ್ ಮಾತ್ರ ಇರಲಿಲ್ಲ. ಎರಡು ಮಳೆಗಾಲಗಳ ನಡುವೆ ಮೂರು ಹಳೆಯ ಪ್ಲೇಯರ್ ಕೊಂಡು, ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಒಂದಾದ ಮೇಲೊಂದನ್ನು ಇಟ್ಟು ಕೇಳಿದೆ. ಪರೀಕ್ಷೆಗೆ ಪ್ರತಿ ಸಲವೂ ಒಂದೇ ಪ್ಲೇಟು, ಭೀಮಸೇನ ಜೋಶಿಯವರ ದಾಸರ ಪದಗಳದ್ದು. ಕಿವಿಯನ್ನೆಲ್ಲ ಹಿಂದಿನ ತಂಬೂರಿಗೇ ಕೊಟ್ಟಿದ್ದೆ. ಪ್ಲೇಟನ್ನು ಹೊತ್ತು ತಿರುಗುವ ತಟ್ಟೆಯ ವೇಗ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ತಂಬೂರಿಯ ಷಡ್ಜ ಅಲುಗುತ್ತದೆ. ಹಾಡುವವರ ಗಮಕದಲ್ಲಿ ಅದು ಮುಚ್ಚಿಹೋಗುತ್ತದೆ.

ಮೊದಲು ಬಂದದ್ದು ಸೂಟ್‌ಕೇಸ್ ಪ್ಲೇಯರ್. ಮಂಗಳೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ 4,500 ರೂಪಾಯಿ. ಮುಚ್ಚಳ ತೆರೆದು ಪ್ಲಗ್ ಹಾಕಿದರೆ ಹಾಡು ಶುರು; ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಅದರೊಳಗೇ ಇದೆ. ಆದರೆ ಇಂಥವುಗಳಲ್ಲಿ ಮುಳ್ಳನ್ನು ಹಿಡಿದು ಅದರ ಕಂಪನವನ್ನು ಕರೆಂಟಾಗಿಸುವ ಭಾಗ ಸೆರಾಮಿಕ್ ಕಾರ್ಟ್ರಿಜ್. ನಮ್ಮೂರಿನ ಚಿನ್ನದ ಅಂಗಡಿಯವರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಮುಳ್ಳನ್ನು ಇಳಿಸಿ ನೋಡಿದೆ: 5.2 ಗ್ರಾಂ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ 2 ಗ್ರಾಂ ಸಾಕು; ಭಾರ ಹೆಚ್ಚಾದಷ್ಟೂ ಗೆರೆ ಸವೆಯುತ್ತದೆ. ಅಪ್ಪನ ಎಲ್‌ಪಿಯನ್ನು ಅದರ ಮೇಲೆ ಒಂದೇ ಒಂದು ಸಲ ಹಾಕಿದ್ದು, ಮತ್ತೆ ಮನಸ್ಸಾಗಲಿಲ್ಲ. ತಂಬೂರಿ ಕೇಳಿಸಿತು, ಆದರೆ ಅದರ ಜೀವಾಳಿಯ ಝೇಂಕಾರ ಸತ್ತುಹೋಗಿತ್ತು.

ಎರಡನೆಯದರ ಕಥೆ ಉದ್ದ. ನಮ್ಮ ಕಡೆ ಹಳೆಯ ಪ್ಲೇಯರ್ ಹುಡುಕುವವರಿಗೆ ದೊಡ್ಡ ಭಂಡಾರವೆಂದರೆ ಗಲ್ಫಿನಿಂದ ಬಂದವರ ಮನೆಗಳು. ಉಪ್ಪಳದ ಒಬ್ಬ ಸಾಹೇಬರು ಸೌದಿಯ ದಮ್ಮಾಮ್‌ನಿಂದ ತಂದ ಬೆಲ್ಟ್ ಪ್ಲೇಯರನ್ನು (ಮೋಟಾರು ರಬ್ಬರ್ ಬೆಲ್ಟಿನಿಂದ ತಟ್ಟೆ ತಿರುಗಿಸುವಂಥದ್ದು) ಮೂವತ್ತೈದು ವರ್ಷ ಬಟ್ಟೆ ಸುತ್ತಿ ಇಟ್ಟಿದ್ದರು. 6,000ಕ್ಕೆ ಕೊಟ್ಟರು. ಮನೆಗೆ ತಂದು ತಟ್ಟೆ ಎತ್ತಿದರೆ ಬೆಲ್ಟ್ ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಸ್ಪಿರಿಟ್ ಹಾಕಿ ಒರೆಸಿ, ಹೊಸ ಬೆಲ್ಟ್ ತರಿಸಿ ಹಾಕಿದೆ. ಹಿಂದುಗಡೆ ವೋಲ್ಟೇಜ್ ಸ್ವಿಚ್ 127ರಲ್ಲಿತ್ತು. ಅದನ್ನು 220ಕ್ಕೆ ತಿರುಗಿಸದೆ ಪ್ಲಗ್ ಹಾಕಿದ್ದರೆ ಅಲ್ಲಿಗೇ ಮೋಟಾರು ಸುಡುತ್ತಿತ್ತು. ಸೌದಿಯಿಂದ ಬಂದ ಯಾವ ಸಾಮಾನಿಗೂ ಮೊದಲು ನೋಡಬೇಕಾದದ್ದು ಆ ಸ್ವಿಚ್ಚನ್ನೇ.

ಪ್ಲೇಟು ಹಾಕಿದೆ. ಜೋಶಿಯವರ ಸ್ವರ ಪಾತಾಳದಿಂದ ಬಂದಂತೆ ಬಂತು. ಬೆಲ್ಟ್ ಸಡಿಲವೇ, ಎಣ್ಣೆ ಒಣಗಿದೆಯೇ ಎಂದು ಎರಡು ದಿನ ತಡಕಾಡಿದ ಮೇಲೆ ಕಾರಣ ಹೊಳೆಯಿತು. ಸೌದಿಯ ಕರೆಂಟು 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತನ), ನಮ್ಮದು 50. ಈ ಪ್ಲೇಯರಿನ ಸಿಂಕ್ರೊನಸ್ ಮೋಟಾರು ಕರೆಂಟಿನ ಹರ್ಟ್ಸ್ ನೋಡಿಕೊಂಡೇ ತಿರುಗುತ್ತದೆ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ ಇಲ್ಲಿ 27.8 ಸುತ್ತು ತಿರುಗುತ್ತಿತ್ತು. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ, ಬಿಳಿ ಒಂದರ ಶ್ರುತಿ ಕೆಳಗಿನ ಬಿಳಿ ಆರಕ್ಕೆ ಇಳಿದಂತೆ.

ಪರಿಹಾರ ಮೋಟಾರಿನ ಪುಲ್ಲಿಯಲ್ಲಿದೆ. ಹಳೆಯ ಪುಲ್ಲಿಯಲ್ಲಿ 33⅓ರ ವೇಗಕ್ಕೆ ಬೆಲ್ಟ್ ಕೂರುವ ಮೆಟ್ಟಿಲಿನ ವ್ಯಾಸ 10 ಮಿ.ಮೀ. ಇತ್ತು. ಐದಕ್ಕೆ ಆರರಂತೆ ಹೆಚ್ಚಿಸಿದರೆ 12 ಆಯಿತು ಎಂದು ಲೆಕ್ಕ ಹಾಕಿ ಕುಂಬಳೆಯ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಪುಲ್ಲಿಯನ್ನು ತಿರುಗಿಸಿ ನೋಡಿ ಕೇಳಿದ, "ಮಾಷ್ಟ್ರೇ, ಇದು ಎಂತ ಮಿಷನಿಂದು? ಇಷ್ಟು ಸಣ್ಣದು ನಾನು ಕಡೆದದ್ದೇ ಇಲ್ಲ." ಪಿತ್ತಳೆಯಲ್ಲಿ ಕಡೆದು ಕೊಟ್ಟ. ಮನೆಯಲ್ಲಿ ಮೊಬೈಲನ್ನು ತಟ್ಟೆಯ ಮೇಲಿಟ್ಟು ವೇಗ ಅಳೆಯುವ ಆಪ್‌ನಲ್ಲಿ ನೋಡಿದರೆ 32.9. ಬೆಲ್ಟಿನ ದಪ್ಪವನ್ನು ನಾನು ಲೆಕ್ಕಕ್ಕೆ ಸೇರಿಸಿರಲಿಲ್ಲ. 0.8 ಮಿ.ಮೀ. ದಪ್ಪ ಸೇರಿಸಿದರೆ ಪುಲ್ಲಿ 12.16 ಇರಬೇಕು. ಮತ್ತೆ ಹೋದೆ. ಹುಡುಗ ವರ್ನಿಯರ್ ಹಿಡಿದು, ಸ್ವಲ್ಪ ಕೊರೆದು ಅಳೆದು, ಮತ್ತೆ ಕೊರೆದು ಅಳೆದು, ಅರ್ಧ ಗಂಟೆ ಕೂತು ಇನ್ನೊಂದು ಮಾಡಿದ. ಎರಡಕ್ಕೂ ಸೇರಿ 700 ರೂಪಾಯಿ. ಆ ಸಂಜೆ ತಂಬೂರಿ ತನ್ನ ಶ್ರುತಿಯಲ್ಲಿ ನಿಂತಿತು. ಮನೆಯಾಕೆ ಅಡಿಗೆ ಕೋಣೆಯಿಂದ ಎದ್ದು ಬಂದು ಕಂಬಕ್ಕೆ ಒರಗಿ ಒಂದು ಬದಿ ಪೂರ್ತಿ ಕೇಳಿದಳು.

ನಾದದ ಮಟ್ಟಿಗೆ ಮೂರರಲ್ಲಿ ಹೆಚ್ಚು ಹಿತವಾದದ್ದು ಇದೇ. ಆದರೆ ಜೂನ್ ತಿಂಗಳು ಬಂತು. ಗಾಳಿಮಳೆಗೆ ತಂತಿಯ ಮೇಲೆ ಕಂಗು (ಅಡಿಕೆ ಮರ) ಬಿದ್ದು ಕರೆಂಟು ಹೋಗುವುದು, ನಾವು ಇನ್ವರ್ಟರಿನಲ್ಲಿ ಇರುವುದು ನಮ್ಮಲ್ಲಿ ದಿನನಿತ್ಯದ ಮಾತು. ನಮ್ಮ ಇನ್ವರ್ಟರಿನ 50 ಹರ್ಟ್ಸ್ ಸರಿಯಾಗಿ 50 ಅಲ್ಲ. ಮೋಟಾರು ಅದರ ಹಿಂದೆಯೇ ಓಡುತ್ತದೆ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುವ 180 ಗೆರೆಯ ಸ್ಟ್ರೋಬ್ ಕಾಗದವನ್ನು ತಟ್ಟೆಯ ಮೇಲಿಟ್ಟು, ಅದೇ ಇನ್ವರ್ಟರಿನ ಬುರುಡೆ ಬಲ್ಬಿನ ಬೆಳಕಿನಲ್ಲಿ ನೋಡಿದರೆ ಗೆರೆಗಳು ನಿಂತಂತೆಯೇ ಕಾಣುತ್ತವೆ, ಯಾಕೆಂದರೆ ಬೆಳಕೂ ಮೋಟಾರೂ ಒಟ್ಟಿಗೇ ತಪ್ಪುತ್ತಿವೆ. ಕಿವಿ ಮಾತ್ರ ಮೋಸ ಹೋಗುವುದಿಲ್ಲ.

ಮೂರನೆಯದು ಜಪಾನಿನ ಡೈರೆಕ್ಟ್ ಡ್ರೈವ್, ಕ್ವಾರ್ಟ್ಜ್ ಲಾಕ್ ಇರುವಂಥದ್ದು. ಬೆಂಗಳೂರಿನ ಸಂಗ್ರಾಹಕರೊಬ್ಬರಿಂದ 18,500ಕ್ಕೆ ಕೊಂಡೆ. ತಟ್ಟೆಯೇ ಮೋಟಾರಿನ ಮೇಲೆ ಕೂತಿರುತ್ತದೆ. ಬೆಲ್ಟ್ ಇಲ್ಲ, ಪುಲ್ಲಿ ಇಲ್ಲ, ವೇಗವನ್ನು ಕಾಯುವುದು ಒಳಗಿನ ಹರಳು. ಲೈನಿನಲ್ಲಿ ಕೇಳಿದರೂ ಇನ್ವರ್ಟರಿನಲ್ಲಿ ಕೇಳಿದರೂ ತಂಬೂರಿ ಕಲ್ಲಿನ ಕಂಬದಂತೆ ನಿಂತಿತ್ತು. ಬೆಲ್ಟಿನ ಪ್ಲೇಯರಿಗಿಂತ ನಾದ ತುಸು ಒಣ ಅನಿಸಿದ್ದು ನಿಜ. ಆದರೂ ನಮ್ಮ ಹವೆಗೆ, ನಮ್ಮ ಕರೆಂಟಿಗೆ ನನ್ನ ಮತ ಇದಕ್ಕೇ.

ಕೂರಿಸುವ ವಿಷಯ. ಮೊದಲು ಉಪ್ಪರಿಗೆಯ ಹಲಗೆ ನೆಲದ ಮೇಲಿಟ್ಟಿದ್ದೆ. ಯಾರಾದರೂ ನಡೆದರೆ ಮುಳ್ಳು ಹಾರುತ್ತಿತ್ತು. ಚಾವಡಿಯ ಮುರಕಲ್ಲಿನ ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆದು ಹಲಸಿನ ಹಲಗೆ ಹಾಕಿದ ಮೇಲೆ ಆ ತೊಂದರೆ ಹೋಯಿತು. ರಸಮಟ್ಟದಲ್ಲಿ ನೋಡಿ ಹಲಗೆಯನ್ನು ಸಮ ಮಾಡಿಕೊಳ್ಳಬೇಕು. ಹೊಸ ಕಾರ್ಟ್ರಿಜ್ ಹಾಕುವಾಗ ನಾಲ್ಕು ತಂತಿ: ಬಿಳಿ, ನೀಲಿ ಎಡ ಸ್ಪೀಕರಿನವು, ಕೆಂಪು, ಹಸಿರು ಬಲದವು. ಆಮೇಲೆ ಹಿಂದಿನ ತೂಕದ ಬಿಲ್ಲೆಯನ್ನು ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ತೋಳು ಮೇಲೂ ಹೋಗದೆ ಕೆಳಗೂ ಬೀಳದೆ ಗಾಳಿಯಲ್ಲಿ ತೇಲುತ್ತದೆ. ಅದೇ ಸೊನ್ನೆ. ಅಲ್ಲಿಂದ 2 ಗ್ರಾಂಗೆ ತಿರುಗಿಸಿ, ತಕ್ಕಡಿಯಲ್ಲಿ ಇನ್ನೊಮ್ಮೆ ನೋಡಿ. ಮ್ಯಾಗ್ನೆಟಿಕ್ ಕಾರ್ಟ್ರಿಜ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್, ಆದ್ದರಿಂದ ಅದನ್ನು ಆಂಪ್ಲಿಫೈಯರಿಗೆ ಸಾಲುವಷ್ಟು ಹೆಚ್ಚಿಸುವ ಫೋನೊ ಪ್ರೀಆಂಪ್ ಬೇಕೇ ಬೇಕು. ಗುಂಯ್ ಎಂಬ ಸದ್ದು ಬಂದರೆ ಪ್ಲೇಯರಿನ ಅರ್ತ್ ತಂತಿಯನ್ನು ಆಂಪ್ಲಿಫೈಯರಿನ ತಿರುಪಿಗೆ ಕಟ್ಟಿದ್ದೀರೋ ಇಲ್ಲವೋ ನೋಡಿ.

ಮಳೆಗಾಲದಲ್ಲಿ ಎಲ್‌ಪಿಗೆ ಬಿಳಿ ಬೂಸರು ಹಿಡಿಯುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ, ಗೆರೆಯ ದಿಕ್ಕಿನಲ್ಲೇ ಮೆತ್ತಗೆ ಒರೆಸಿದರೆ ಹೋಗುತ್ತದೆ. 78ರ ಪ್ಲೇಟಿಗೆ ಮಾತ್ರ ಸ್ಪಿರಿಟ್ ಮುಟ್ಟಿಸಬೇಡಿ. ಅದು ಅರಗಿನದ್ದು, ಕರಗುತ್ತದೆ.

78 ಎಂದರೆ ನೆನಪಾಯಿತು, ಸೂಟ್‌ಕೇಸನ್ನು ನಾನು ಮಾರಿಲ್ಲ. ನನ್ನ ಡೈರೆಕ್ಟ್ ಡ್ರೈವ್‌ನಲ್ಲಿ 78ರ ವೇಗವೇ ಇಲ್ಲ. ಸೂಟ್‌ಕೇಸಿನ ಕಾರ್ಟ್ರಿಜ್‌ನಲ್ಲಿ ಸಣ್ಣ ಕಡ್ಡಿಯೊಂದನ್ನು ತಿರುಗಿಸಿದರೆ 78ರ ದಪ್ಪ ಮುಳ್ಳು ಕೆಳಗೆ ಬರುತ್ತದೆ, ಆ ಅಗಲ ಗೆರೆಗೆ ಅದೇ ಬೇಕು; 5 ಗ್ರಾಂ ಭಾರವನ್ನೂ ಅರಗಿನ ಪ್ಲೇಟು ತಾಳುತ್ತದೆ. ಅಪ್ಪನ ಹನ್ನೆರಡರಲ್ಲಿ ಮೂರು ಪಿ. ಕಾಳಿಂಗರಾಯರದ್ದು. ಬೆಲ್ಟಿನ ಪ್ಲೇಯರನ್ನು ತಂಗಿಯ ಮಗ ನೀರ್ಚಾಲಿಗೆ ಒಯ್ದ. ಅವನ ಮನೆಯ ಇನ್ವರ್ಟರ್ ಹೊಸದು, ವೇಗ ನಿಲ್ಲುತ್ತದಂತೆ. ಹಳೆಯ 10 ಮಿ.ಮೀ. ಪುಲ್ಲಿಯನ್ನೂ ಕಾಗದದಲ್ಲಿ ಸುತ್ತಿ, ಮೇಲೆ "60 ಹರ್ಟ್ಸ್" ಎಂದು ಬರೆದು, ತಟ್ಟೆಯ ಅಡಿಗೆ ಅಂಟಿಸಿ ಕೊಟ್ಟಿದ್ದೇನೆ.